ಸುಣ್ಣದ ನೀರಿಗೆ ಸುಣ್ಣವೇ ಮದ್ದಾಯಿತು: ಹೊಸೂರಿನಲ್ಲಿ ನನ್ನ ಅನುಭವ

ನೀರಿನಲ್ಲಿ ಸುಣ್ಣದಂಶ ಹೆಚ್ಚಾಗಿದೆ ಎಂದು ತೊಟ್ಟಿಗೆ ಇನ್ನಷ್ಟು ಸುಣ್ಣ ಸುರಿಯುವವನ ಮಾತನ್ನು ಯಾರು ತಾನೇ ನಂಬುತ್ತಾರೆ? ಹೊಸೂರಿನ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಮೂವತ್ತು ವರ್ಷ ಪೈಪಿನ ಕೆಲಸ ಮಾಡಿದ ಹಿರಿಯರೊಬ್ಬರು ನನ್ನ ಎದುರಿಗೇ ತಲೆಯಾಡಿಸಿ ಹೋದರು. ನಮ್ಮ ಕಟ್ಟಡದ ಆರು ಬಾಡಿಗೆ ಮನೆಗಳಲ್ಲಿ ಈಗ ಎರಡು ವರ್ಷಕ್ಕೂ ಮೇಲಾಯಿತು, ಗಡಸು ನೀರಿನಿಂದಾಗಿ ಒಂದು ಗೀಸರ್ ಕಾಯಿಲ್ ಕೂಡ ಸುಟ್ಟಿಲ್ಲ. ಅದೇ ಧೈರ್ಯದ ಮೇಲೆ, ಇದೇ ಕಷ್ಟ ಪಡುತ್ತಿರುವ ಕಟ್ಟಡದ ಮಾಲೀಕರಿಗೂ ಪ್ಲಂಬರುಗಳಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

2013ರಲ್ಲಿ ಹೊಗೇನಕಲ್ ಯೋಜನೆಯ ಕಾವೇರಿ ನೀರು ಕೃಷ್ಣಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಿಗೆ ಹರಿಯತೊಡಗಿದ ಮೇಲೆ ನಮ್ಮ ಕುಡಿಯುವ ನೀರಿನ ಚಿಂತೆ ಬಹುಮಟ್ಟಿಗೆ ತೀರಿತು. ಆದರೆ ಸ್ನಾನ, ಬಟ್ಟೆ, ಪಾತ್ರೆಗಳಿಗೆ ನಲ್ಲಿಯಲ್ಲಿ ಬರುವುದು ಬಂಡೆಯ ಬಿರುಕಿನಿಂದ ಮೇಲೆತ್ತಿದ ಕೊಳವೆಬಾವಿಯ ನೀರೇ. ನಮ್ಮ ಕೊಳವೆಬಾವಿಯ ಒಟ್ಟು ಗಡಸುತನ 650 ಪಿಪಿಎಂನ (ಲೀಟರಿಗೆ ಮಿಲಿಗ್ರಾಂ) ಆಸುಪಾಸಿನಲ್ಲಿತ್ತು. ಭಾರತೀಯ ಮಾನಕ 10500 ಕುಡಿಯುವ ನೀರಿಗೆ 200 ಇರಲಿ ಎನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸುತ್ತದೆ. ಮನೆಗಳಲ್ಲಿ ಇದರ ಪರಿಣಾಮ ನಿಮಗೆ ಗೊತ್ತೇ ಇದೆ: ನೊರೆ ಬಾರದ ಸಾಬೂನು, ಬೂದುಬಣ್ಣಕ್ಕೆ ತಿರುಗುವ ಬಿಳಿ ಅಂಗಿ, ಕಣ್ಣು ಮುಚ್ಚಿಕೊಂಡ ಶವರು, ಆರು ತಿಂಗಳಿಗೊಮ್ಮೆ ಸುಡುವ ಕಾಯಿಲ್. ಒಂದು ಕಾಯಿಲ್‌ಗೆ ಕೂಲಿಯೂ ಸೇರಿ ಸಾವಿರ ರೂಪಾಯಿ ಎಂದರೂ ಆರು ಮನೆಗೆ ವರ್ಷಕ್ಕೆ ಹನ್ನೆರಡು ಸಾವಿರ ಬರಿದೇ ಹೋಗುತ್ತಿತ್ತು. ಮನೆ ಖಾಲಿ ಮಾಡಿದ ಒಂದು ಕುಟುಂಬದವರು ನೀರಿನ ಕಾರಣವನ್ನೇ ಹೇಳಿ ಹೋದರು.

ಮೊದಲು ಪೈಪಿಗೆ ಸುತ್ತುವ ಆಯಸ್ಕಾಂತವನ್ನು ಕೊಂಡೆವು. ನಾಲ್ಕು ಸಾವಿರಕ್ಕೂ ಹೆಚ್ಚು ಕೊಟ್ಟ ನೆನಪು. ಹನಿ ಪರೀಕ್ಷೆಯ ಕಿಟ್‌ನಲ್ಲಿ ಅಳೆದರೆ ಗಡಸುತನ ಒಂದು ಹನಿಯಷ್ಟೂ ಇಳಿದಿರಲಿಲ್ಲ, ಕಾಯಿಲ್ ಎಂದಿನಂತೆಯೇ ಸುಟ್ಟಿತು. ಆಮೇಲೆ ಸುಣ್ಣ ಅಂಟದಂತೆ ತಡೆಯುವ ಫಾಸ್ಫೇಟ್ ಗುಂಡುಗಳ ಡಬ್ಬಿ ಬಂತು. ತಣ್ಣೀರಿನ ಪೈಪಿಗೆ ಅದು ಸ್ವಲ್ಪ ಒಳ್ಳೆಯದೇ, ಆದರೆ ಗೀಸರಿನ ಬಿಸಿಗೆ ಆ ಫಾಸ್ಫೇಟ್ ಒಡೆದು ತನ್ನ ಗುಣ ಕಳೆದುಕೊಳ್ಳುತ್ತದೆ, ನಮಗೆ ಬೇಕಾಗಿದ್ದುದು ಗೀಸರಿನೊಳಗಿನ ರಕ್ಷಣೆಯೇ. ಮೂರನೆಯದಾಗಿ ರೆಸಿನ್ ಸಾಫ್ಟ್‌ನರ್, ಅಂದರೆ ಗಡಸುತನವನ್ನು ಹೀರುವ, ಆಗಾಗ ಉಪ್ಪುನೀರಿನಿಂದ ತೊಳೆಯಬೇಕಾದ ರೆಸಿನ್ ಮಣಿಗಳ ಯಂತ್ರ. ಇದರ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಗಡಸುತನವನ್ನು ಅದು 50ರ ಕೆಳಗೆ ಇಳಿಸಿತು. ಆದರೆ ನಮ್ಮ ನೀರಿಗೆ ಇಪ್ಪತ್ತೈದು ಲೀಟರಿನ ರೆಸಿನ್ ಎರಡು ಸಾವಿರ ಲೀಟರು ದಾಟುವಷ್ಟರಲ್ಲಿ ಸೋಲುತ್ತಿತ್ತು, ಪ್ರತಿ ಸಲ ನಾಲ್ಕು ಕಿಲೋದಷ್ಟು ಉಪ್ಪು ಬೇಡುತ್ತಿತ್ತು. ತಿಂಗಳಿಗೆ ಉಪ್ಪಿಗೇ ಸಾವಿರದ ಇನ್ನೂರು. ತೊಳೆದ ಉಪ್ಪುನೀರು ಹಿತ್ತಲಿಗೆ ಹರಿದು ಎರಡು ತೆಂಗಿನ ಮರಗಳ ಗರಿಗಳ ತುದಿ ಕಂದತೊಡಗಿದ ಮೇಲೆ, ಅರುವತ್ತು ಸಾವಿರದ ಆ ಯಂತ್ರವನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ.

ನನಗೆ ದಾರಿ ತೋರಿದ್ದು ಸುಟ್ಟ ಕಾಯಿಲ್‌ಗಳೇ. ಅದರ ಮೇಲಿನ ಹೊರಪದರವನ್ನು ಚಾಕುವಿನಿಂದ ಎಬ್ಬಿಸಿ ನಿಂಬೆರಸ ಹಾಕಿದರೆ ಬುಸ್ಸೆಂದು ಗುಳ್ಳೆ ಏಳುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಬೈಕಾರ್ಬೊನೇಟ್ ಆಗಿ ಕರಗಿದ್ದದ್ದು ಕಾದಾಗ ಕಾರ್ಬೊನೇಟ್ ಆಗಿ ಕಾಯಿಲ್ ಮೇಲೆ ಕೂರುತ್ತದೆ. ಹೇಗಿದ್ದರೂ ಕೂರುವುದನ್ನು ಗೀಸರಿಗೆ ಹೋಗುವ ಮೊದಲೇ ತೊಟ್ಟಿಯ ತಳದಲ್ಲಿ ಕೂರಿಸಿಬಿಡುವುದೇ ನನ್ನ ವಿಧಾನದ ತಿರುಳು. ಬೈಕಾರ್ಬೊನೇಟ್ ನೀರಿಗೆ ಅರಳಿದ ಸುಣ್ಣವನ್ನು ಲೆಕ್ಕವಾಗಿ ಕೊಟ್ಟರೆ ನೀರಿನ ಸುಣ್ಣವೂ ನಾವು ಹಾಕಿದ ಸುಣ್ಣವೂ ಜೊತೆಯಾಗಿ ಕೆಳಗಿಳಿಯುತ್ತವೆ. ಅಬರ್ಡೀನ್‌ನ ಥಾಮಸ್ ಕ್ಲಾರ್ಕ್ 1841ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು, ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲಿ ಇಂದಿಗೂ ಇದೇ ನಡೆಯುತ್ತಿದೆ. ಒಂದು ಕಟ್ಟಡದ ಮಟ್ಟಕ್ಕೆ ಇದನ್ನು ಇಳಿಸಿದವರು ನಮ್ಮ ಕಡೆ ನನಗೆ ಇನ್ನೂ ಸಿಕ್ಕಿಲ್ಲ.

ಲೆಕ್ಕ ತಪ್ಪಿದರೆ ಈ ವಿಧಾನ ಕೈಕೊಡುತ್ತದೆ, ಏಕೆಂದರೆ ಹೆಚ್ಚಾದ ಸುಣ್ಣ ತಾನೇ ಗಡಸುತನವಾಗಿ ನೀರಿನಲ್ಲಿ ಉಳಿಯುತ್ತದೆ. ಆದ್ದರಿಂದ ದೊಡ್ಡ ಆರು ಬಾಟಲಿಗಳಲ್ಲಿ ತಲಾ ಒಂದು ಲೀಟರು ನೀರು ತುಂಬಿ, ಸುಣ್ಣದ ತಿಳಿಯನ್ನು 100 ಮಿಲಿಯಿಂದ ಆರಂಭಿಸಿ 50 ಮಿಲಿಯಂತೆ ಏರಿಸುತ್ತಾ ಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿನೀರನ್ನು ಅಳೆದೆ. ಕಿಟ್‌ನ ದ್ರಾವಣ ಬೀಳುತ್ತಿದ್ದಂತೆ ದ್ರಾಕ್ಷಿಗೆಂಪು ಬಣ್ಣ ನೇರಳೆಯತ್ತ ಜಾರಿ, ಕೊನೆಯ ಒಂದು ಹನಿಗೆ ಅಚ್ಚ ನೀಲಿಯಾಗುತ್ತದೆ. ಆ ಹನಿಯನ್ನು ತಪ್ಪಿಸದೆ ಎಣಿಸಬೇಕು. ಮೂರನೆಯ ಮತ್ತು ನಾಲ್ಕನೆಯ ಬಾಟಲಿಗಳ ನಡುವೆ ಗಡಸುತನ 290ರ ಸುಮಾರಿಗೆ ತಳಮುಟ್ಟಿ, ಅಲ್ಲಿಂದ ಮುಂದೆ ಮತ್ತೆ ಏರಿತು. ಅಂಗಡಿಯ ಸುಣ್ಣದಲ್ಲಿ ಕಸವೂ ಇರುವುದರಿಂದ, ನಮ್ಮ ಎರಡು ಸಾವಿರ ಲೀಟರಿನ ತೊಟ್ಟಿಗೆ ಬೇಕಾದ ಸುಣ್ಣ 900 ಗ್ರಾಂ ಎಂದಾಯಿತು.

ಎರಡು ತೊಟ್ಟಿಗಳನ್ನು ಸರದಿಯಂತೆ ತುಂಬುತ್ತೇನೆ. ಒಂದು ಬಳಕೆಯಲ್ಲಿದ್ದಾಗ ಇನ್ನೊಂದರಲ್ಲಿ ಸುಣ್ಣದ ಹಾಲನ್ನು ಬೆರೆಸಿ ಅರ್ಧ ಗಂಟೆ ಕಲಕಿ, ರಾತ್ರಿ ಇಳಿಯಲು ಬಿಟ್ಟು, ತಳದಿಂದ ಒಂದು ಗೇಣು ಮೇಲಿರುವ ಕೊಳವೆಯಿಂದ ಮರಳಿನ ಫಿಲ್ಟರಿಗೆ ಬಿಡುತ್ತೇನೆ. ತೊಟ್ಟಿ, ಕಲಕುವ ಮೋಟಾರು, ಫಿಲ್ಟರು ಎಲ್ಲಾ ಸೇರಿ ಮೂವತ್ತೈದು ಸಾವಿರ ದಾಟಲಿಲ್ಲ, ಸುಣ್ಣದ ಖರ್ಚು ತಿಂಗಳಿಗೆ ನಾನೂರೈವತ್ತರ ಸುಮಾರು. ಡಿಸೆಂಬರಿನ ಚಳಿಯಲ್ಲಿ ಮಾತ್ರ ಕೆಲಸ ಕೆಟ್ಟಿತು: ಹೊಸೂರಿನ ತಣ್ಣನೆಯ ರಾತ್ರಿಗಳಲ್ಲಿ ಹುಡಿ ಬೇಗ ಇಳಿಯದೆ ಫಿಲ್ಟರನ್ನೂ ದಾಟಿ ಬಕೆಟ್ಟುಗಳಲ್ಲಿ ಬಿಳಿ ಕೆನೆಯಾಗಿ ಕಾಣಿಸಿಕೊಂಡಿತು. ಹಿಂದಿನ ದಿನದ ಕೆಸರನ್ನು ಪೂರ್ತಿ ತೆಗೆಯದೆ ಒಂದು ಭಾಗವನ್ನು ತಳದಲ್ಲೇ ಉಳಿಸಿ ಕಲಕಿದರೆ ಹೊಸ ಹರಳುಗಳು ಅದಕ್ಕೇ ಅಂಟಿ ಬೇಗ ಇಳಿಯುತ್ತವೆ ಎಂಬುದು ಆಗ ಕೈಗೆ ಸಿಕ್ಕ ಉಪಾಯ. ಫಿಲ್ಟರಿನ ಬಳಿಕ ನೀರಿನ ಕ್ಷಾರವನ್ನು ಇಳಿಸಲು ನಾನು ಮಾಡುವ ಇನ್ನೊಂದು ಕೆಲಸವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈ ನೀರನ್ನು ಕುಡಿಯಲು ಕೊಡುವುದಿಲ್ಲ, ಸುಣ್ಣ ಕಲಸುವಾಗ ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ತೊಟ್ಟಿಯ ಹತ್ತಿರ ಬಿಡುವುದಿಲ್ಲ.

ಉಳಿದ 290 ಸಲ್ಫೇಟ್, ಕ್ಲೋರೈಡುಗಳ ಗಡಸುತನ, ಅದಕ್ಕೆ ಸುಣ್ಣ ನಾಟುವುದಿಲ್ಲ. ಬಟ್ಟೆ ಒಗೆಯುವವರಿಗೆ ಬಕೆಟ್ಟಿಗೊಂದು ಚಮಚ ವಾಷಿಂಗ್ ಸೋಡಾ ಹಾಕಿ ಎಂದು ಹೇಳಿದ್ದೇನೆ, ಸಾಬೂನಿನ ಖರ್ಚು ಮೂರನೆಯ ಒಂದು ಭಾಗ ಇಳಿದಿದೆ ಎಂದು ಅವರೇ ಹೇಳುತ್ತಾರೆ. ಹುಡಿ ಬೇಗ ಇಳಿಯಲೆಂದು ನುಗ್ಗೆಬೀಜದ ಪುಡಿಯನ್ನೂ ಪ್ರಯೋಗಿಸಿದೆ. ನೀರು ತಿಳಿಯಾಯಿತು, ಆದರೆ ಮೂರನೆಯ ದಿನಕ್ಕೆ ತೊಟ್ಟಿ ನಾತ ಹೊಡೆಯಿತು. ತಳದಲ್ಲಿ ಸಿಗುವ ಕೆಸರನ್ನು ಒಣಗಿಸಿದರೆ ಒಂದು ತೊಟ್ಟಿಗೆ ಒಂದೂವರೆ ಕಿಲೋ ನುಣುಪಾದ ಬಿಳಿ ಹುಡಿ ಬರುತ್ತದೆ. ಕಾಂಪೌಂಡಿಗೆ ಬಳಿದು ನೋಡಿದೆ, ಅದು ಸುಣ್ಣವಾಗಿ ಉಳಿದಿಲ್ಲವಾದ್ದರಿಂದ ಗೋಡೆ ಹಿಡಿಯದೆ ಕೈಗೇ ಮೆತ್ತಿಕೊಂಡಿತು. ರಂಗೋಲಿಗೆ ಮಾತ್ರ ಅದು ಸೊಗಸಾಗಿ ಒದಗುತ್ತದೆ, ಬೀದಿಯ ಹೆಂಗಸರು ಡಬ್ಬ ತಂದು ಒಯ್ಯುತ್ತಾರೆ.

ಬಾಗಲೂರು ರಸ್ತೆಯ ಕಡೆಯ ಇಬ್ಬರು ಮಾಲೀಕರು ಈಗ ನನ್ನ 900 ಗ್ರಾಂ ಅಳತೆಯನ್ನೇ ಕೇಳಿಕೊಂಡು ಹೋಗಲು ಬಂದಿದ್ದರು. ಅಳತೆಯ ಬದಲು ಆರು ಬಾಟಲಿಗಳನ್ನೂ ಕಿಟ್ಟನ್ನೂ ಕೊಟ್ಟು ಕಳುಹಿಸಿದೆ, ಏಕೆಂದರೆ ಬಾವಿಯಿಂದ ಬಾವಿಗೆ ಬೈಕಾರ್ಬೊನೇಟ್ ಬೇರೆ, ನಮ್ಮ ಬಾವಿಯಲ್ಲಿಯೇ ಏಪ್ರಿಲ್ ಹೊತ್ತಿಗೆ ನೀರು ಕೆಳಗಿಳಿದಾಗ ತೊಟ್ಟಿಗೆ ನೂರು ಗ್ರಾಂ ಹೆಚ್ಚು ಬೇಕಾಗುತ್ತದೆ.