ಸಲಹೆಗಾರರಿಗೆ ಹಣ ಕೊಡುವವರು ಯಾರು?

2023ರ ಮೇ ತಿಂಗಳಲ್ಲಿ ತುಮಕೂರಿನಲ್ಲಿ ಉಪನ್ಯಾಸಕ ವೃತ್ತಿಯಿಂದ ನಿವೃತ್ತಳಾದಾಗ ಗ್ರ್ಯಾಚುಟಿ, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆದ ಇಡಿಗಂಟು), ಗಳಿಕೆ ರಜೆಯ ನಗದೀಕರಣ ಎಲ್ಲ ಸೇರಿ ಸುಮಾರು 42 ಲಕ್ಷ ರೂಪಾಯಿ ನನ್ನ ಖಾತೆಗೆ ಬಂತು. ಮಾರನೆಯ ವಾರವೇ ಬ್ಯಾಂಕಿನಿಂದ ಫೋನು. "ಎಫ್‌ಡಿ ಇದ್ದ ಹಾಗೆಯೇ ಮೇಡಂ" ಎಂದು ಹೇಳಿ ಸಹಿ ಹಾಕಿಸಿಕೊಂಡದ್ದು, ಕಾಗದ ಕೈಗೆ ಬಂದ ಮೇಲೆ ನೋಡಿದರೆ, ಹತ್ತು ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿಯಾಗಿತ್ತು. ಪಾಲಿಸಿ ಬೇಡವೆನಿಸಿದರೆ ಹಿಂತಿರುಗಿಸಬಹುದಾದ ಫ್ರೀ ಲುಕ್ ಅವಧಿ ಮುಗಿದಿರಲಿಲ್ಲವಾದ್ದರಿಂದ ಒಂಬತ್ತನೆಯ ದಿನ ಹಿಂತಿರುಗಿಸಿದೆ. ಅಲ್ಪಸ್ವಲ್ಪ ಕಡಿತವಾಗಿ ಉಳಿದ ಹಣ ಮರಳಿತು. ಈಗ ಆ ಅವಧಿ 30 ದಿನ.

ಅನಂತರ ಹೂಡಿಕೆಯ ಸಲಹೆ ಕೇಳಲು ಮೂವರನ್ನು ಕಂಡೆ. ಮೊದಲನೆಯವರು ಸಲಹೆಗೆ ಶುಲ್ಕವೇ ಇಲ್ಲ ಎಂದರು. ಹಾಗಾದರೆ ನಿಮ್ಮ ಸಂಸಾರ ನಡೆಯುವುದು ಹೇಗೆ ಎಂದು ಕೇಳಿದಾಗ, ಮ್ಯೂಚುವಲ್ ಫಂಡ್ ಕಂಪನಿ ಕಮಿಷನ್ ಕೊಡುತ್ತದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅವರಲ್ಲಿದ್ದದ್ದು ವಿತರಕರಿಗೆ ಕೊಡುವ ಎಆರ್‌ಎನ್ ಸಂಖ್ಯೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅವರು ತೋರಿಸಿದ ಫಂಡಿನ ವಿತರಕರ ಕಮಿಷನ್ ಸೇರಿದ ರೆಗ್ಯುಲರ್ ಯೋಜನೆಗೂ 2013ರಿಂದ ಲಭ್ಯವಿರುವ, ಕಮಿಷನ್ ಇಲ್ಲದ ಡೈರೆಕ್ಟ್ ಯೋಜನೆಗೂ ವಾರ್ಷಿಕ ವೆಚ್ಚದಲ್ಲಿ ಶೇ. 0.8ರಷ್ಟು ಅಂತರವಿತ್ತು, ಅವರು ಹೂಡಲು ಹೇಳಿದ 30 ಲಕ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 24,000 ರೂಪಾಯಿ, ಅದೂ ಯಾವ ರಸೀದಿಯಲ್ಲೂ ಕಾಣದ ಹಾಗೆ.

ಎರಡನೆಯವರು ಶೇ. 15 ಲಾಭ ಖಚಿತ ಎಂದ ಕೂಡಲೇ ಎದ್ದು ಬಂದೆ.

ಮೂರನೆಯವರದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ಹೂಡಿಕೆ ಸಲಹೆಗಾರರೆಂದು ನೋಂದಣಿ; ಸಂಖ್ಯೆ ಐಎನ್‌ಎ ಎಂದು ಆರಂಭವಾಗುತ್ತದೆ. ಅದನ್ನು ಸೆಬಿ ಜಾಲತಾಣದಲ್ಲಿ ಹಾಕಿ ಹೆಸರು, ವಿಳಾಸ ತಾಳೆ ನೋಡಿದ ಬಳಿಕವೇ ಮಾತುಕತೆಗೆ ಕುಳಿತೆ. ಅವರು ಒಂದೂವರೆ ಗಂಟೆ ಯಾವ ಯೋಜನೆಯ ಹೆಸರನ್ನೂ ಎತ್ತದೆ ಮನೆಯ ಖರ್ಚು, ಅತ್ತೆಯವರ ಔಷಧ, ಮಗಳ ಸಾಲ, ನಾಮಿನಿ ಯಾರು, ಮಾರುಕಟ್ಟೆ ಕುಸಿದರೆ ನನಗೆ ನಿದ್ದೆ ಬರುತ್ತದೆಯೇ ಎಂದು ಕೇಳುತ್ತಲೇ ಹೋದರು. ಶುಲ್ಕ 15,000, ಜಿಎಸ್‌ಟಿ ಸೇರಿ 17,700. ಲಿಖಿತ ಒಪ್ಪಂದವಾಯಿತು. ಹೂಡಿಕೆಯ ಒಂದು ರೂಪಾಯಿಯೂ ಅವರ ಖಾತೆಯ ಮೂಲಕ ಹೋಗಲಿಲ್ಲ.

ಅವರು ಮೊದಲು ಕಳಿಸಿದ್ದು ಅಂಚೆ ಕಚೇರಿಗೆ: ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿಯಾದ 30 ಲಕ್ಷ, ಆಗಿನ ಶೇ. 8.2 ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಇದರಿಂದ ಅವರಿಗೆ ಬಿಡಿಗಾಸೂ ಸಿಗದು ಎಂಬುದೇ ನನಗೆ ಧೈರ್ಯ ಕೊಟ್ಟಿತು. ಐದು ಲಕ್ಷ ತುರ್ತಿಗೆಂದು ಎಫ್‌ಡಿಗೆ ಹೋಯಿತು, ಉಳಿದ ಏಳು ಲಕ್ಷ ಡೈರೆಕ್ಟ್ ಫಂಡುಗಳಿಗೆ.

ಬೀದಿಯ ಹೆಂಗಸರೊಡನೆ ಹಾಕುವ ಚೀಟಿಯನ್ನು ನಿಲ್ಲಿಸಿ ಎಂದೂ ಬರೆದಿದ್ದರು. ಅದೊಂದನ್ನು ಮಾತ್ರ ನಾನು ಕೇಳಲಿಲ್ಲ.