ಅಮೆಜಾನ್ ಕಥೆ ಓದ್ಬೇಕಾ, ಒಂದು ಪುಸ್ತಕಕ್ಕೆ ನಿಲ್ಲಿಸ್ಬೇಡಿ

ಅಮೆಜಾನ್ ಹೇಗೆ ಇಷ್ಟು ದೊಡ್ಡದಾಯ್ತು ಅಂತ ಓದ್ಬೇಕು, ಯಾವ ಪುಸ್ತಕ ತಗೊಳ್ಳಲಿ ಅಂತ ಕೇಳೋರಿಗೆಲ್ಲ ನಾನು ಹೇಳೋದು ಇಷ್ಟೇ, ಒಂದಲ್ಲ ಮೂರು ತಗೊಳ್ಳಿ, ಆದ್ರೆ ಮೂರೂ ಬೇರೆ ಬೇರೆ ಜಾಗದಲ್ಲಿ ನಿಂತು ನೋಡಿದವರು ಬರೆದಿದ್ದಾಗಿರ್ಬೇಕು. ಹೊರಗಿಂದ ಕೆದಕಿದ ಪತ್ರಕರ್ತ ಒಬ್ರು, ಒಳಗೇ ಕೂತು ಕೆಲಸ ಮಾಡಿದವರು, ಆಮೇಲೆ ಕಂಪನಿ ಬೆಳೆದಾಗ ಊರುಗಳಿಗೆ ಏನಾಯ್ತು ಅಂತ ಸುತ್ತಾಡಿ ನೋಡಿದವರು. ಮೊದಲನೇ ಪುಸ್ತಕ ಮುಗಿಸಿದಾಗ ನನಗೆ ಪೂರ್ತಿ ಕಥೆ ಸಿಕ್ತು ಅನ್ಸಿತ್ತು, ಮೂರನೇದು ಓದಿದ್ಮೇಲೆ ಅದು ಒಂದು ಕಿಟಕಿಯಿಂದ ಕಂಡಷ್ಟೇ ಅಂತ ತಿಳೀತು.

ಶುರು ಮಾಡೋಕೆ ಮುಂಚೆ ಒಂದು ಹಾಳೆ ತಗೊಂಡು ಇಸವಿಗಳನ್ನ ಬರ್ಕೊಳ್ಳಿ, ಯಾಕಂದ್ರೆ ಈ ಪುಸ್ತಕಗಳು ಹಿಂದೆ ಮುಂದೆ ಹಾರ್ತಾ ಇರ್ತವೆ. 1994 ಜುಲೈನಲ್ಲಿ ಕಂಪನಿ ಶುರು, 1995 ಜುಲೈನಲ್ಲಿ ವೆಬ್‌ಸೈಟ್, 1997 ಮೇನಲ್ಲಿ ಒಂದು ಷೇರಿಗೆ 18 ಡಾಲರ್‌ನಂತೆ ಷೇರು ಮಾರುಕಟ್ಟೆಗೆ ಬಂತು, 2005ರಲ್ಲಿ ಪ್ರೈಮ್, 2006ರಲ್ಲಿ ಎಸ್3 ಮತ್ತು ಇಸಿ2 (ಬೇರೆ ಕಂಪನಿಗಳಿಗೆ ನೆಟ್ ಮೂಲಕ ಬಾಡಿಗೆಗೆ ಕೊಡೋ ಸ್ಟೋರೇಜ್ ಮತ್ತು ಕಂಪ್ಯೂಟರ್ ಸೇವೆಗಳು), 2007ರಲ್ಲಿ ಇ-ಪುಸ್ತಕ ಓದೋ ಕಿಂಡಲ್, 2017ರಲ್ಲಿ 13.7 ಬಿಲಿಯನ್ ಡಾಲರ್ ಕೊಟ್ಟು ಹೋಲ್ ಫುಡ್ಸ್ ಅನ್ನೋ ದಿನಸಿ ಅಂಗಡಿಗಳ ಸರಪಳಿ ಖರೀದಿ, 2021 ಜುಲೈನಲ್ಲಿ ಸ್ಥಾಪಕ ಜೆಫ್ ಬೆಜೋಸ್ ಸಿಇಒ ಜಾಗ ಬಿಟ್ಟು ಆಂಡಿ ಜಾಸ್ಸಿ ಬಂದಿದ್ದು. ಇಷ್ಟು ಸಾಕು.

ಮೊದಲು ಓದ್ಬೇಕಾಗಿರೋದು ಪತ್ರಕರ್ತ ಬ್ರಾಡ್ ಸ್ಟೋನ್ ಅವರ 'ದಿ ಎವೆರಿಥಿಂಗ್ ಸ್ಟೋರ್', 2013ರದ್ದು. ಕಥೆ ಥರ ಓದಿಸ್ಕೊಂಡು ಹೋಗುತ್ತೆ, ಅದೇ ಅದರ ಶಕ್ತಿ, ಅಲ್ಲೇ ನೀವು ಹುಷಾರಾಗಿರ್ಬೇಕಾಗಿರೋದು ಕೂಡ. ಪುಸ್ತಕ ಬಂದ ಕೂಡಲೇ ಅವತ್ತು ಬೆಜೋಸ್ ಅವರ ಹೆಂಡತಿಯಾಗಿದ್ದ ಮೆಕೆಂಜಿ ಅಮೆಜಾನ್ ಸೈಟಲ್ಲೇ ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೆದ್ರು, ಬೆಜೋಸ್ ಕಂಪನಿ ಶುರು ಮಾಡೋಕೆ ಪ್ರೇರಣೆಯಾಯ್ತು ಅಂತ ಪುಸ್ತಕದಲ್ಲಿ ಹೇಳಿರೋ ಕಾದಂಬರಿಯನ್ನ ಬೆಜೋಸ್ ಓದಿದ್ದೇ ಕಂಪನಿ ಶುರುವಾದ ಮೇಲೆ ಅಂತ ಅದರಲ್ಲಿ ತೋರಿಸಿದ್ರು. ಪುಸ್ತಕ ಮುಗಿಸಿದ ಮೇಲೆ ಆ ರಿವ್ಯೂನೂ ಓದಿ. ಒಂದು ತಪ್ಪು ಸಿಕ್ತು ಅಂತ ಇಡೀ ಪುಸ್ತಕ ಸುಳ್ಳಾಗಲ್ಲ, ಆದ್ರೆ ಒಬ್ಬ ಮನುಷ್ಯನ ತಲೆಯೊಳಗೆ ಏನಿತ್ತು ಅಂತ ಹೇಳೋ ಸಾಲುಗಳನ್ನ ಬೇರೆ ಥರ ಓದ್ಬೇಕು, ದಾಖಲೆ ಇರೋ ಸಾಲುಗಳನ್ನ ಬೇರೆ ಥರ ಓದ್ಬೇಕು ಅನ್ನೋದು ಅಭ್ಯಾಸ ಆಗುತ್ತೆ.

ಇನ್ನು ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಈ ವಿಧಾನ: ಒಂದೇ ಒಂದು ಘಟನೆ ಹಿಡ್ಕೊಂಡು ಅದರ ಹಿಂದೆ ಹೋಗೋದು. ಡೈಪರ್ ಕಥೆ ತಗೊಳ್ಳಿ. ಕ್ವಿಡ್ಸಿ ಅಂತ ಒಂದು ಚಿಕ್ಕ ಕಂಪನಿ ಡೈಪರ್ಸ್ ಡಾಟ್ ಕಾಮ್ ನಡೆಸ್ತಿತ್ತು, ಚೆನ್ನಾಗಿ ಬೆಳೀತಿತ್ತು, ಅಮೆಜಾನ್ ಡೈಪರ್ ರೇಟನ್ನ ಸಿಕ್ಕಾಪಟ್ಟೆ ಇಳಿಸ್ತು, ಕೊನೆಗೆ 2010ರಲ್ಲಿ ಆ ಕಂಪನಿಯನ್ನ ಸುಮಾರು 545 ಮಿಲಿಯನ್ ಡಾಲರ್‌ಗೆ ತಾನೇ ಕೊಂಡ್ಕೊಳ್ತು. ಸ್ಟೋನ್ ಇದನ್ನ 2013ರಲ್ಲೇ ಬರೆದಿದ್ರು. ಓದೋವಾಗ ಇದು ಸೋತವರ ಕಡೆಯಿಂದ ಬಂದ ಮಾತು ಇರಬಹುದೇನೋ ಅನ್ಸುತ್ತೆ. ಆದ್ರೆ 2020 ಜುಲೈ 29ಕ್ಕೆ ಅಮೆರಿಕಾ ಸಂಸತ್ತಿನ ಉಪಸಮಿತಿ ಮುಂದೆ ಬೆಜೋಸ್ ಕೂತಾಗ ಇದೇ ಡೈಪರ್ ಪ್ರಶ್ನೆ ಬಂತು, ಕಂಪನಿಯ ಒಳಗಿನ ದಾಖಲೆಗಳ ಪ್ರಕಾರ ಒಂದೇ ತಿಂಗಳಲ್ಲಿ 200 ಮಿಲಿಯನ್ ಡಾಲರ್ ಕಳ್ಕೊಳ್ಳೋಕೂ ತಯಾರಿದ್ರಿ ಅಲ್ವಾ ಅಂತ ಸಮಿತಿಯವರು ಕೇಳಿದ್ರು. ಅಷ್ಟು ದುಡ್ಡು ಕೊಟ್ಟು ಕೊಂಡ ಕ್ವಿಡ್ಸಿಯನ್ನ 2017ರಲ್ಲಿ ಲಾಭ ಬರ್ತಿಲ್ಲ ಅಂತ ಮುಚ್ಚಿಯೂ ಆಗಿತ್ತು. ನೋಡಿ, ಪುಸ್ತಕದ ಆರೇಳು ಪುಟ, ಏಳು ವರ್ಷ ಆದ್ಮೇಲೆ ಬಂದ ದಾಖಲೆ, ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಒಂದು ಕಂಪನಿಗೆ ಬಲ ಎಲ್ಲಿಂದ ಬರುತ್ತೆ ಅಂತ ಅರ್ಥ ಆಗುತ್ತೆ, ಅದು ಬರೀ ಒಳ್ಳೇ ಐಡಿಯಾ ಅಲ್ಲ, ನಷ್ಟ ತಡ್ಕೊಂಡು ಎದುರಾಳಿಗಿಂತ ಹೆಚ್ಚು ದಿನ ನಿಲ್ಲೋ ತಾಕತ್ತು.

ಎರಡನೇದು ಕಾಲಿನ್ ಬ್ರೈಯರ್ ಮತ್ತು ಬಿಲ್ ಕಾರ್ ಬರೆದ 'ವರ್ಕಿಂಗ್ ಬ್ಯಾಕ್‌ವರ್ಡ್ಸ್', 2021. ಇಬ್ರೂ ಒಳಗೆ ಹತ್ತು ವರ್ಷಕ್ಕೂ ಮೇಲೆ ಇದ್ದವರು. 2004ರಲ್ಲಿ ಮೀಟಿಂಗಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿ ಆರು ಪುಟದ ಬರಹ ತಂದಿದ್ದು, ಪ್ರಾಡಕ್ಟ್ ಮಾಡೋಕೆ ಮುಂಚೆ ಅದರ ಪತ್ರಿಕಾ ಪ್ರಕಟಣೆ ಬರೆಯೋದು, ಇವನ್ನೆಲ್ಲ ಬಿಡಿಸಿ ಹೇಳ್ತಾರೆ. ಇದನ್ನ ಪೆನ್ನು ಹಿಡ್ಕೊಂಡು ಓದಿ, ನಿಮ್ಮ ಕೆಲಸದ್ದೇ ಒಂದು ವಿಷಯಕ್ಕೆ ಒಂದು ಪುಟದ ಪ್ರಕಟಣೆ ಬರೆದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಆದ್ರೆ ಪ್ರತಿ ಅಧ್ಯಾಯಕ್ಕೂ ಒಂದು ಪ್ರಶ್ನೆ ಕೇಳ್ಕೊಳ್ಳಿ, ಇಲ್ಲಿ ಯಾರು ಮಾತಾಡ್ತಿಲ್ಲ? ಗೋಡೌನಲ್ಲಿ ಡಬ್ಬ ಕಟ್ಟೋರ ದಿನ ಹೇಗಿರುತ್ತೆ ಅಂತ ತಿಳ್ಕೊಳ್ಳೋಕೆ ಈ ಪುಸ್ತಕ ಸಾಲಲ್ಲ. ಮತ್ತೆ ಇಂಥ ಪದ್ಧತಿ ಎಲ್ಲಾ ಇಟ್ಕೊಂಡೇ ಕಂಪನಿ 2014ರಲ್ಲಿ ಫೈರ್ ಫೋನ್ ಅಂತ ತನ್ನದೇ ಸ್ಮಾರ್ಟ್‌ಫೋನ್ ತಂದು ಅದೇ ವರ್ಷ 170 ಮಿಲಿಯನ್ ಡಾಲರ್ ನಷ್ಟ ಲೆಕ್ಕಕ್ಕೆ ಬರ್ಕೊಳ್ತು ಅನ್ನೋದೂ ನೆನಪಿರಲಿ.

ಮೂರನೇದು ಅಲೆಕ್ ಮೆಕ್‌ಗಿಲ್ಲಿಸ್ ಅವರ 'ಫುಲ್‌ಫಿಲ್‌ಮೆಂಟ್', ಇದೂ 2021ರದ್ದೇ. ಇದನ್ನ ನಿಧಾನಕ್ಕೆ ಓದಿ ದಯವಿಟ್ಟು. ಅಮೆರಿಕಾದ ಬಾಲ್ಟಿಮೋರ್ ನಗರದ ಹತ್ರ ಸ್ಪ್ಯಾರೋಸ್ ಪಾಯಿಂಟ್ ಅಂತ ಜಾಗ, ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು ಅಲ್ಲಿತ್ತು, 2012ರಲ್ಲಿ ಮುಚ್ಚಿತು, ಈಗ ಅದೇ ನೆಲದಲ್ಲಿ ಅಮೆಜಾನ್ ಗೋಡೌನ್ ಇದೆ. ಅಲ್ಲಿ ವರ್ಷಗಟ್ಟಲೆ ಉಕ್ಕು ಕಾಯಿಸಿದ ಮನುಷ್ಯ ವಯಸ್ಸಾದ ಮೇಲೆ ಅದೇ ಜಾಗಕ್ಕೆ ಬಂದು ಕಡಿಮೆ ಕೂಲಿಗೆ ಫೋರ್ಕ್‌ಲಿಫ್ಟ್ ಓಡಿಸ್ತಾರೆ. ಮೊದಲ ಎರಡು ಪುಸ್ತಕದಲ್ಲಿ ಬರೀ ಅಂಕಿಯಾಗಿದ್ದ ಜನ ಇಲ್ಲಿ ಮುಖ ಪಡ್ಕೊಳ್ತಾರೆ, ನನಗಂತೂ ಆ ಪುಟ ದಾಟೋಕೆ ಹೊತ್ತು ಹಿಡೀತು.

ಜೊತೆಗೆ ಬೆಜೋಸ್ ಷೇರುದಾರರಿಗೆ ಬರೆದ ಪತ್ರಗಳು ನೆಟ್ಟಲ್ಲಿ ಉಚಿತ ಸಿಗ್ತವೆ, ಎಲ್ಲಾ ಬೇಡ, 1997ರದ್ದು ಮತ್ತು 2000ದ್ದು ಸಾಕು. ಮೊದಲನೇದರಲ್ಲಿ ದೀರ್ಘಕಾಲದ ಲಾಭವೇ ಮುಖ್ಯ ಅಂತಾರೆ, ಎರಡನೇದು ಷೇರು ಬೆಲೆ ಒಂದೇ ವರ್ಷದಲ್ಲಿ ಶೇ. 80ಕ್ಕಿಂತ ಜಾಸ್ತಿ ಬಿದ್ದಾಗ ಬರೆದಿದ್ದು. ಇದನ್ನ ಓದೋವಾಗ ಒಂದು ವಿಷಯ ಗಮನಿಸಿ, 2000 ಫೆಬ್ರವರಿಯಲ್ಲಿ ಡಾಟ್‌ಕಾಮ್ ಅಂದ್ರೆ ಇಂಟರ್ನೆಟ್ ಕಂಪನಿಗಳ ಷೇರು ಕುಸಿಯೋಕೆ ಸ್ವಲ್ಪ ಮುಂಚೆ ಕಂಪನಿ ಯೂರೋಪಲ್ಲಿ ಬಾಂಡ್ (ಸಾಲಪತ್ರ) ಮಾರಿ 690 ಮಿಲಿಯನ್ ಯೂರೋ ಎತ್ತಿತ್ತು, ಆ ದುಡ್ಡು ಬರೋದು ಸ್ವಲ್ಪ ತಡ ಆಗಿದ್ರೆ ಕಥೆ ಬೇರೆ ಆಗಬಹುದಿತ್ತು. ಗೆದ್ದವರ ಪುಸ್ತಕಗಳಲ್ಲಿ ಇಂಥ ಅದೃಷ್ಟಕ್ಕೆ ಸಿಗೋ ಜಾಗ ಕಡಿಮೆ, ನೀವೇ ಹುಡುಕಿ ಗೆರೆ ಎಳೀಬೇಕು.

ಆಮೇಲೆ ಪುಸ್ತಕ ಅಚ್ಚಾದ ಇಸವಿಗೆ ಕಥೆ ನಿಲ್ಲಲ್ಲ. 2022 ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್ ಗೋಡೌನಲ್ಲಿ ಕೆಲಸಗಾರರು ಯೂನಿಯನ್‌ಗೆ ಓಟು ಹಾಕಿ ಗೆದ್ರು, 2023 ಸೆಪ್ಟೆಂಬರ್‌ನಲ್ಲಿ ಎಫ್‌ಟಿಸಿ (ವ್ಯಾಪಾರದ ಪೈಪೋಟಿ ಕಾಯೋ ಅಮೆರಿಕಾ ಸರ್ಕಾರದ ಸಂಸ್ಥೆ) ಮತ್ತು 17 ರಾಜ್ಯಗಳು ಅಮೆಜಾನ್ ಮೇಲೆ ಏಕಸ್ವಾಮ್ಯದ ಕೇಸ್ ಹಾಕಿದ್ವು. ಆ ದೂರಿನ ಪ್ರತಿ ಸಾರ್ವಜನಿಕವಾಗಿದೆ, ಉದ್ದ ಇದೆ, ಆದ್ರೂ ಇಷ್ಟು ಓದಿದವರಿಗೆ ಕಷ್ಟ ಆಗಲ್ಲ. ಅದನ್ನ ಓದೋವಾಗ ಸ್ಟೋನ್ ಪುಸ್ತಕದ ಡೈಪರ್ ಪುಟಗಳನ್ನ ಪಕ್ಕದಲ್ಲಿ ತೆರೆದಿಟ್ಕೊಂಡು ಕೂತ್ಕೊಳ್ಳಿ.