ಕಾಲೇಜು ಬಸ್ಸಿನ ಬೇಡಿಕೆ: ಮನವಿಗೆ ಮೊದಲು ಎಣಿಕೆ

ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಬಸ್ಸಿಗಾಗಿ ಮನವಿ ಕೊಡುವುದು ಹೊಸದೇನಲ್ಲ. ಆದರೆ ‘ತುಂಬಾ ತೊಂದರೆಯಾಗುತ್ತಿದೆ’ ಎಂದಷ್ಟೇ ಬರೆದರೆ ಡಿಪೋದವರು ವೇಳಾಪಟ್ಟಿಯಲ್ಲಿ ಏನನ್ನು ಬದಲಿಸಬೇಕು? ಯಾವ ನಿಲ್ದಾಣ, ಎಷ್ಟು ಗಂಟೆ, ಎಷ್ಟು ಜನ ಹತ್ತಲಾಗದೆ ಉಳಿದರು ಎಂಬ ಲೆಕ್ಕ ಬೇಕು. ದಿನಾ ಅಲ್ಲೇ ನಿಲ್ಲುವ ವಿದ್ಯಾರ್ಥಿಗಳಷ್ಟು ಚೆನ್ನಾಗಿ ಆ ಲೆಕ್ಕ ಹಿಡಿಯಬಲ್ಲವರು ಬೇರೆ ಇಲ್ಲ.

ಒಂದೇ ಬಸ್ ಮಾರ್ಗ ಆರಿಸಿಕೊಳ್ಳಿ. ಎಣಿಕೆಗೆ ಎಂಟು ಹತ್ತು ಜನರ ತಂಡ ಸಾಕು, ಅರ್ಧದಷ್ಟಾದರೂ ಹುಡುಗಿಯರಿರಲಿ. ಉಪನ್ಯಾಸಕರು ಸಲಹೆ ಕೊಡಲಿ, ಸಹಿ ಮತ್ತು ಮಾತು ವಿದ್ಯಾರ್ಥಿಗಳದ್ದೇ ಆಗಿರಲಿ.

ಮೊದಲ ದಿನವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿಬಿಡಿ, ಉತ್ತರಕ್ಕೆ 30 ದಿನದವರೆಗೆ ಹಿಡಿಯಬಹುದು. ಆ ಮಾರ್ಗದ ವೇಳಾಪಟ್ಟಿ ಮತ್ತು ಕಳೆದ ಮೂರು ತಿಂಗಳಲ್ಲಿ ರದ್ದಾದ ಟ್ರಿಪ್‌ಗಳ ವಿವರ ಕೇಳಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಸ್ಸು, ಹಾಸ್ಟೆಲ್, ವಿದ್ಯಾರ್ಥಿವೇತನ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ಅರ್ಜಿ ವಾಪಸ್ ಬರಬಹುದು. ಅರ್ಜಿದಾರರಿಗೆ 18 ತುಂಬಿರಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಪಿಯು ವಿದ್ಯಾರ್ಥಿಯೂ ಹಾಕಬಹುದು.

ಉತ್ತರ ಬರುವುದರೊಳಗೆ ಎಣಿಕೆ ಮುಗಿಸಿ. ಸೋಮವಾರದಿಂದ ಶನಿವಾರದವರೆಗೆ ಆರು ದಿನ, ಬೆಳಿಗ್ಗೆ 7ರಿಂದ 10, ಸಂಜೆ 3.30ರಿಂದ 6. ಪ್ರತಿ ನಿಲ್ದಾಣಕ್ಕೆ ಇಬ್ಬರು: ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಎರಡನ್ನೂ ಮಾಡಿದರೆ ನೂಕುನುಗ್ಗಲಲ್ಲಿ ಲೆಕ್ಕ ತಪ್ಪುತ್ತದೆ. ಕಾಲಂ ಆರು: ಬರಬೇಕಾದ ಸಮಯ, ಬಂದ ಸಮಯ, ನಿಂತಿತೋ ಇಲ್ಲವೋ, ಕಾಯುತ್ತಿದ್ದವರು, ಹತ್ತಿದವರು, ಉಳಿದವರು. ಉಳಿದವರಲ್ಲಿ ಹುಡುಗಿಯರೆಷ್ಟು, ಟಂಟಂ (ಬಾಡಿಗೆ ಆಟೊ) ಹಿಡಿದವರೆಷ್ಟು, ಮನೆಗೆ ಮರಳಿದವರೆಷ್ಟು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿ. ಹೆಸರು ಬರೆಯಬೇಡಿ, ಸಂಖ್ಯೆ ಸಾಕು.

ಎಣಿಕೆ ಕೆಡುವುದು ಹೆಚ್ಚಾಗಿ ದಿನದ ಆಯ್ಕೆಯಲ್ಲಿ. ಹುಣ್ಣಿಮೆಯಂದು ದತ್ತಾತ್ರೇಯ ಕ್ಷೇತ್ರ ಗಾಣಗಾಪುರದ ದಾರಿಯಲ್ಲಿ ನಿಂತರೆ ಯಾತ್ರಿಕರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ದಿನಗಳಲ್ಲಿ ಎಷ್ಟೋ ಮಕ್ಕಳು ಹೊಲದಲ್ಲಿರುವುದರಿಂದ ನಿಲ್ದಾಣ ಖಾಲಿ ಕಾಣುತ್ತದೆ, ಅದೇ ಅಂಕಿ ನಿಮ್ಮ ವಿರುದ್ಧ ನಿಲ್ಲುತ್ತದೆ. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯದು. ಇನ್ನೊಂದು ಮಾತನ್ನು ಯಾರೂ ಮರೆಯಬಾರದು: ಬಸ್ಸಿಲ್ಲವೆಂದು ಈಗಾಗಲೇ ಕಾಲೇಜು ಬಿಟ್ಟ ಹುಡುಗಿ ನಿಲ್ದಾಣದಲ್ಲಿ ಸಿಗುವುದಿಲ್ಲ. ಅವಳಿಗಾಗಿ ಊರೊಳಗೆ ಮನೆಮನೆಗೆ ಹೋಗಬೇಕು, ತಾಯಂದಿರ ಜೊತೆ ಹುಡುಗಿಯರೇ ಮಾತಾಡಬೇಕು.

ಮನವಿ ಒಂದು ಪುಟ, ಬೇಡಿಕೆ ಒಂದೇ. ಹೊಸ ಬಸ್ಸು ಕೇಳುವ ಮೊದಲು ಇರುವ ಬಸ್ಸಿನ ಸಮಯ ಬದಲಿಸಿ ಎಂದು ಕೇಳುವುದು ಜಾಣತನ. ಹೊಸ ಬಸ್ಸಿಗೆ ಚಾಲಕ, ನಿರ್ವಾಹಕ, ದುಡ್ಡು ಎಲ್ಲ ಬೇಕು, 20 ನಿಮಿಷ ಹಿಂದುಮುಂದು ಮಾಡಲು ಅಷ್ಟು ಬೇಡ. ಎಣಿಕೆಯ ಕೋಷ್ಟಕ ಲಗತ್ತಿಸಿ ಡಿಪೋ ಮ್ಯಾನೇಜರ್‌ಗೆ ಕೊಡಿ, ಒಂದು ಪ್ರತಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಭಾಗೀಯ ಕಚೇರಿಗೆ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಹೊರಬರಬೇಡಿ. ಇನ್ನೊಂದು ಪ್ರತಿ ಶಾಸಕರ ಕಚೇರಿಗೆ, ತಾಲ್ಲೂಕಿನ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನಾ) ಸಭೆಗೆ ಮುಂಚೆಯೇ. ಆ ಸಭೆಯಲ್ಲಿ ಸಾರಿಗೆ ಅಧಿಕಾರಿ ಎದುರಿಗೇ ಕೂತಿರುವಾಗ ಕೇಳಿದ ಪ್ರಶ್ನೆಯ ತೂಕವೇ ಬೇರೆ.

ತಂಗುದಾಣ, ಬೀದಿದೀಪ ಗ್ರಾಮ ಪಂಚಾಯಿತಿಯ ಕೆಲಸ. ಅವನ್ನು ಗ್ರಾಮ ಸಭೆಯಲ್ಲಿ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. 18ರ ಒಳಗಿನವರಿಗೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಇದೆ.

ಸಮಯ ಬದಲಾದರೆ ಎರಡು ವಾರ ಬಿಟ್ಟು ಮತ್ತೆ ಮೂರು ದಿನ ಎಣಿಸಿ. ಪರೀಕ್ಷೆ ಬಂದಾಗ ತಂಡ ಚದುರುತ್ತದೆ, ಆದ್ದರಿಂದ ಅದಕ್ಕೆ ಮುಂಚೆಯೇ ಎಣಿಕೆಯ ನೋಟ್‌ಬುಕ್, ಸೀಲು ಬಿದ್ದ ಪ್ರತಿಗಳು, ಆರ್‌ಟಿಐ ಉತ್ತರ ಇಷ್ಟನ್ನೂ ಒಂದು ಫೈಲಿಗೆ ಹಾಕಿ ಮೊದಲ ವರ್ಷದವರ ಕೈಗೆ ಕೊಡಿ.